ಧನುರ್ಮಾಸದ ಹರಿಗೋಲು

ಕೊಯಮತ್ತೂರಿನವರಿಗೆ ಚಳಿಯ ವಿಷಯದಲ್ಲಿ ಬಾಯಿ ತೆರೆಯುವ ಅಧಿಕಾರವೇ ಇಲ್ಲವೆಂದು ನೀಲಗಿರಿಯ ಬಂಧುಗಳು ನಮ್ಮನ್ನು ಹಾಸ್ಯ ಮಾಡುವುದುಂಟು. ಅವರ ಮಾತು ಸುಳ್ಳಲ್ಲ. ಉದಕಮಂಡಲದ ಹುಲ್ಲುಹಾಸಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗೆ ಕಾಣುವ ದಿನಗಳಲ್ಲಿಯೂ ನಮ್ಮೂರಿನ ಉಷ್ಣಮಾಪಕ 18 ಡಿಗ್ರಿಗಿಂತ ಕೆಳಗಿಳಿಯಲು ಮೀನಮೇಷ ಎಣಿಸುತ್ತದೆ. ಆದರೂ ಧನುರ್ಮಾಸ ಹಿಡಿಯಿತೆಂದರೆ ಬೆಳಗಿನ ಜಾವ ಗುಡಿಯ ಧ್ವನಿವರ್ಧಕದಲ್ಲಿ ತಿರುಪ್ಪಾವೈ ಕೇಳಿಬರುವ ವೇಳೆಗೆ ಹಾಲಿಗೆ ಹೊರಟ ನಮ್ಮಲ್ಲಿ ಬಹುಮಂದಿಯ ತಲೆಯ ಮೇಲೆ ಮಂಕಿ ಕ್ಯಾಪು, ಕೊರಳಿಗೆ ಮಫ್ಲರು ಏರಿರುತ್ತವೆ. ಬಿಸಿಲಿನಲ್ಲಿಯೇ ಬಾಳಿದವರಿಗೆ ಅಷ್ಟೇ ಚಳಿ ಸಾಕು.

ಅಂತಹ ಚಳಿಯಲ್ಲಿ ನೀರಿನ ಮೇಲೆ ಹೋಗಬೇಕೆಂಬ ಆಲೋಚನೆ ನಮ್ಮದಾಗಿರಲಿಲ್ಲ. ಸಂಘದ ಹಿರಿಯ ಸದಸ್ಯೆಯೊಬ್ಬರ ಮೊಮ್ಮಗಳು ಅಮೆರಿಕದ ಮಿನ್ನೆಸೋಟಾದಲ್ಲಿ ಹುಟ್ಟಿ ಬೆಳೆದವಳು. ಸುಪೀರಿಯರ್ ಸರೋವರದ ದಂಡೆಯ ಡುಲೂತ್ ಎಂಬ ಊರಿನಲ್ಲಿ ಓದುತ್ತಿದ್ದಳು. ವಿಸ್ತಾರದಲ್ಲಿ ಜಗತ್ತಿನ ಸಿಹಿನೀರಿನ ಸರೋವರಗಳಲ್ಲೆಲ್ಲ ಅದೇ ದೊಡ್ಡದು. ಅಲ್ಲಿ ಚಳಿಗಾಲ ಕಾಲಿಡುವ ತಿಂಗಳುಗಳಲ್ಲಿಯೂ, ಅಂಚಿನ ನೀರು ಮಂಜುಗಡ್ಡೆಯಾಗುವವರೆಗೆ, ಕಯಾಕ್ ಎಂಬ ಸೂಜಿಯಂತಹ ದೋಣಿಯಲ್ಲಿ ಕುಳಿತು ಹುಟ್ಟು ಹಾಕುವುದು ಅವಳ ಹವ್ಯಾಸ. 2018ರ ಡಿಸೆಂಬರಿನಲ್ಲಿ ಅಜ್ಜಿಯನ್ನು ನೋಡಲು ಬಂದವಳು, ‘ನಿಮ್ಮ ಕಡೆ ಕೆರೆಗಳಿಲ್ಲವೇ?’ ಎಂದು ಸಂಘದ ಸಭೆಯಲ್ಲಿ ಕೇಳಿದಳು. ಸಿಂಗಾನಲ್ಲೂರು, ಉಕ್ಕಡಂ ಎಂದು ನಾವು ಕೆರೆಗಳ ಹೆಸರು ಹೇಳತೊಡಗಿದಾಗ ಖಜಾಂಚಿಗಳು ನಡುವೆ ಬಾಯಿ ಹಾಕಿ, ‘ಪರಳಿಕಾಡಿಗೆ ಹೋಗೋಣ’ ಎಂದರು. ಹಾಗೆ ನಿಶ್ಚಯವಾಯಿತು.

ಪರಳಿಕಾಡು ಕಾರಮಡೈ ದಾಟಿ ವೆಳ್ಳಿಯಂಗಾಡಿನ ಮೇಲೆ ಬೆಟ್ಟದ ತಿರುವುಗಳನ್ನು ಹತ್ತಿಳಿದರೆ ಸಿಗುವ ಇರುಳರ ಹಾಡಿ. ಭವಾನಿ ನದಿಗೆ ಕಟ್ಟಿದ ಪಿಲ್ಲೂರು ಜಲಾಶಯದ ಹಿನ್ನೀರು ಅದರ ಅಂಗಳದವರೆಗೂ ಬಂದು ನಿಂತಿದೆ. ಅರಣ್ಯ ಇಲಾಖೆಯವರು ಅಲ್ಲಿನ ಇರುಳರನ್ನು ಜೊತೆಗೂಡಿಸಿಕೊಂಡು ವಾರದ ಕೊನೆಯ ದಿನಗಳಲ್ಲಿ ಹರಿಗೋಲಿನ ವಿಹಾರ ನಡೆಸುತ್ತ ಬಂದಿದ್ದಾರೆ. ಮುಂಗಡವಾಗಿ ಹೆಸರು ನೋಂದಾಯಿಸಬೇಕು. ಹುಟ್ಟು ಹಾಕುವವರು ಹಾಡಿಯ ಗಂಡಸರು, ಅಡುಗೆ ಹೆಂಗಸರದು. ಗದ್ದಲವಿಲ್ಲದ, ಅಂಗಡಿಗಳಿಲ್ಲದ ಇಂತಹ ಜಾಗ ನಗರದಿಂದ ಎರಡು ತಾಸಿನ ಹಾದಿಯಲ್ಲಿ ಉಳಿದಿರುವುದೇ ನಮ್ಮ ಭಾಗ್ಯ.

ಡಿಸೆಂಬರ್ 29ರ ಶನಿವಾರ ಬೆಳಿಗ್ಗೆ ನಾವು 26 ಮಂದಿ ಹೊರಟೆವು. ತಿರುಪ್ಪೂರಿನ ಮೂರು ಕುಟುಂಬದವರು ಅವಿನಾಶಿ, ಅನ್ನೂರು ಮಾರ್ಗವಾಗಿ ಬಂದು ಕಾರಮಡೈಯಲ್ಲಿ ನಮ್ಮನ್ನು ಕೂಡಿಕೊಂಡರು. ಆ ಗುಂಪನ್ನು ನೋಡಿದವರಿಗೆ ನಮ್ಮ ಸಂಘದ ಸ್ವರೂಪ ತಿಳಿಯುತ್ತಿತ್ತು. ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಇಲ್ಲಿಯೇ ನೆಲೆ ನಿಂತ ಧಾರವಾಡದವರು, ಬನಿಯನ್ ಕಾರ್ಖಾನೆಗೆ ನೂಲು ಪೂರೈಸುವ ಮೈಸೂರಿನವರು, ಎಷ್ಟೋ ತಲೆಮಾರುಗಳಿಂದ ಈ ನೆಲದಲ್ಲಿ ಮಗ್ಗ ಹಾಕಿಕೊಂಡು ಮನೆಯೊಳಗೆ ಕನ್ನಡವನ್ನೇ ಆಡುತ್ತ ಬಂದ ದೇವಾಂಗ ಮನೆತನದವರು. ಈ ದೇವಾಂಗ ಬಂಧುಗಳ ಕನ್ನಡ ನಮ್ಮ ಕಿವಿಗೆ ಹಿಡಿಸಲು ಮೊದಮೊದಲು ಸ್ವಲ್ಪ ಹೊತ್ತು ಬೇಕಾಗುತ್ತದೆ. ಅವರಿಗೂ ನಮ್ಮ ಪತ್ರಿಕೆಯ ಕನ್ನಡ ಕೇಳಿ ನಗು ಬರುತ್ತದೆಯಂತೆ. ಕೊಳ್ಳೇಗಾಲದಿಂದ ಬಂದ ಮೇಷ್ಟರೊಬ್ಬರು ತಮ್ಮ ತಂದೆಯ ಶಾಲಾ ಪ್ರಮಾಣಪತ್ರದಲ್ಲಿ ‘ಕೊಯಮತ್ತೂರು ಜಿಲ್ಲೆ’ ಎಂದೇ ಬರೆದಿದೆ ಎಂದು ಬಸ್ಸಿನಲ್ಲಿ ಮತ್ತೊಮ್ಮೆ ನೆನಪಿಸಿದರು. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಈ ಜಿಲ್ಲೆಗೇ ಸೇರಿತ್ತು. ‘ನಾನು ಪರಸ್ಥಳದವನಲ್ಲ, ತಡವಾಗಿ ಬಂದ ಸ್ಥಳೀಯ’ ಎಂಬುದು ಅವರ ಹಳೆಯ ಚಟಾಕಿ.

ಮೇಷ್ಟರು ಜೊತೆಯಲ್ಲಿದ್ದ ಮೇಲೆ ಪಾಠ ತಪ್ಪುವುದಿಲ್ಲ. ಕೇರಳದ ನದಿಗಳು ಬಹುಪಾಲು ಪಡುವಣ ಕಡಲಿಗೆ ಹರಿದರೆ ಮೂರು ಮಾತ್ರ ಮೂಡಣಕ್ಕೆ ಮುಖ ಮಾಡಿವೆ: ಕಬಿನಿ, ಭವಾನಿ, ಪಾಂಬಾರ್. ಕಬಿನಿ ಮೈಸೂರು ಸೀಮೆಗೆ ಬಂದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಭವಾನಿ ನೀಲಗಿರಿಯಲ್ಲಿ ಹುಟ್ಟಿ, ಅಟ್ಟಪ್ಪಾಡಿಯನ್ನು ಸುತ್ತಿ, ತಿರುಗಿ ತಮಿಳುನಾಡಿಗೆ ಬಂದು ಭವಾನಿ ಪಟ್ಟಣದ ಬಳಿ ಕಾವೇರಿಯೊಂದಿಗೆ ಕೂಡುತ್ತದೆ. ಪಾಂಬಾರ್ ತಿರುಪ್ಪೂರು ಜಿಲ್ಲೆಗೆ ಇಳಿದು ಅಮರಾವತಿಯಾಗಿ ಕರೂರಿನ ಆಚೆಗೆ ಅದೇ ಕಾವೇರಿಯ ಪಾಲಾಗುತ್ತದೆ. ‘ಮೈಸೂರಿನವರು, ಕೊಯಮತ್ತೂರಿನವರು, ತಿರುಪ್ಪೂರಿನವರು ಒಂದೇ ಬಸ್ಸಿನಲ್ಲಿದ್ದೇವೆ, ನೋಡಿ’ ಎಂದರು. ಪಿಲ್ಲೂರಿನ ನೀರನ್ನೇ ಕೊಳವೆಗಳು ನಮ್ಮ ನಗರದ ನಲ್ಲಿಗಳಿಗೆ ತರುತ್ತವೆ. ದಿನವೂ ಕುಡಿಯುವ ನೀರಿನ ಮುಖವನ್ನು ನಮ್ಮಲ್ಲಿ ಎಷ್ಟೋ ಮಂದಿ ಅಂದಿನವರೆಗೆ ನೋಡಿರಲಿಲ್ಲ.

ಹಾಡಿ ತಲುಪಿದಾಗ ಬಿಸಿ ಶುಂಠಿ ಕಾಫಿ ಕೊಟ್ಟರು. ಹಿನ್ನೀರಿನ ಮೇಲೆ ಮಂಜು ಇನ್ನೂ ಎದ್ದಿರಲಿಲ್ಲ. ಎದುರುದಂಡೆ ಕಾಣದೆ, ಇದು ಕೆರೆಯೋ ಕಡಲೋ ಎಂಬಂತಿತ್ತು. ದಡದಲ್ಲಿ ಹರಿಗೋಲುಗಳು ಸಾಲಾಗಿ ನಿಂತಿದ್ದವು. ಮೊಮ್ಮಗಳು ಬಗ್ಗಿ ನೀರಿನಲ್ಲಿ ಕೈ ಅದ್ದಿದಳು. ‘ನಮ್ಮ ಸುಪೀರಿಯರ್ ಬೇಸಿಗೆಯಲ್ಲಿಯೂ ಇಷ್ಟು ಬೆಚ್ಚಗಿರುವುದಿಲ್ಲ’ ಎಂದು ನಕ್ಕಳು.

ಅವಳು ಅಲ್ಲಿ ಹೇಳಿದ ಸಂಗತಿಗಳು ನಮಗೆ ಹೊಸವು. ಕಯಾಕಿನವರು ಗಾಳಿಯ ಚಳಿಯನ್ನು ನೋಡಿ ಉಡುಪು ತೊಡುವುದಿಲ್ಲ, ನೀರಿನ ಚಳಿಯನ್ನು ನೋಡಿ ತೊಡುತ್ತಾರಂತೆ. ಬಿಸಿಲು ಹಿತವಾಗಿದ್ದರೂ ನೀರು 15 ಡಿಗ್ರಿಗಿಂತ ಕೆಳಗಿದ್ದರೆ ಅದರಲ್ಲಿ ಬಿದ್ದವನು ತನಗರಿವಿಲ್ಲದೆಯೇ ಗಕ್ಕನೆ ಉಸಿರೆಳೆಯುತ್ತಾನೆ. ಆ ಗಳಿಗೆಯಲ್ಲಿ ಬಾಯಿ ನೀರಿನೊಳಗಿದ್ದರೆ ಎಂತಹ ಈಜುಗಾರನಾದರೂ ಕೆಟ್ಟ. ಹೆಪ್ಪುಗಟ್ಟುವಷ್ಟು ತಣ್ಣಗಿರುವ ನೀರಿಗೆ ಅವರಲ್ಲಿ ಒಂದು ಲೆಕ್ಕವಿದೆ: ಉಸಿರನ್ನು ಹತೋಟಿಗೆ ತಂದುಕೊಳ್ಳಲು 1 ನಿಮಿಷ, ಕೈಕಾಲು ನಮ್ಮ ಮಾತು ಕೇಳುವುದು 10 ನಿಮಿಷ, ಮೈ ತಣಿದು ಪ್ರಜ್ಞೆ ತಪ್ಪುವುದಕ್ಕೆ 1 ಗಂಟೆ. ಜನ ಚಳಿಯಿಂದ ಸಾಯುತ್ತಾರೆಂದು ನಾವು ತಿಳಿದಿದ್ದೆವು. ಚಳಿ ಕೊಲ್ಲುವುದಕ್ಕೆ ಬಹಳ ಮುಂಚೆಯೇ ಗಾಬರಿಯಿಂದ, ಲೈಫ್ ಜಾಕೆಟ್ ಇಲ್ಲದ್ದರಿಂದ ಮುಳುಗುವವರೇ ಹೆಚ್ಚು ಎಂದು ಅವಳು ಹೇಳಿದಾಗ ನಾವು ತಲೆಯಾಡಿಸಿದೆವು. ತಲೆಯಾಡಿಸಿದವರಲ್ಲಿ ಎಷ್ಟು ಮಂದಿ ಕೇಳಿಸಿಕೊಂಡಿದ್ದರು ಎಂಬುದು ಮುಂದೆ ತಿಳಿಯಿತು.

ಮೇಷ್ಟರಿಗೆ ಕಯಾಕಿಗಿಂತ ಹರಿಗೋಲಿನ ಮೇಲೆಯೇ ಪ್ರೀತಿ. ತಮಿಳಿನ ‘ಪರಿಸಲ್’, ಕನ್ನಡದ ‘ಹರಿಗೋಲು’ ಎರಡೂ ಒಂದೇ ಮನೆಯ ಮಕ್ಕಳು, ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಇಲ್ಲಿಯೂ ಪಕಾರ ಹಕಾರವಾಗಿದೆ ಎಂಬುದು ಅವರ ವಾದ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೋ ಪಾಯಸ್ ಆನೆಗೊಂದಿಯ ಬಳಿ ಜನ ಬುಟ್ಟಿಯಂತಹ ದುಂಡು ದೋಣಿಗಳಲ್ಲಿ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಮಂದಿ ಹಿಡಿಸುವ ಗಾತ್ರ, ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ಅದರಲ್ಲಿಯೇ. ಇದಕ್ಕೆ ಮೊಮ್ಮಗಳು, ಕಯಾಕ್ ಕೂಡ ಮೊದಲು ಚರ್ಮದ ದೋಣಿಯೇ ಎಂದಳು. ಉತ್ತರಧ್ರುವದ ಕಡೆಯ ಇನ್ಯೂಟ್ ಜನ ಕಡಲು ತಂದು ಹಾಕಿದ ಮರದ ತುಂಡುಗಳಿಂದಲೋ ತಿಮಿಂಗಿಲದ ಎಲುಬಿನಿಂದಲೋ ಚೌಕಟ್ಟು ಕಟ್ಟಿ, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು ಹೊಲಿಯುತ್ತಿದ್ದರಂತೆ. ಆದರೆ ಅದು ಬೇಟೆಗೆ ಹೊರಟ ಒಂಟಿ ಮನುಷ್ಯನ ದೋಣಿ, ನಮ್ಮದು ಸಂಸಾರದ ದೋಣಿ. ಕಯಾಕಿನಲ್ಲಿ ತಪ್ಪು ಮಾಡಿದವನು ತಾನೊಬ್ಬನೇ ಮುಳುಗುತ್ತಾನೆ.

ಇಷ್ಟೆಲ್ಲ ಮಾತು ನಡೆಯುವಾಗ ಅಜ್ಜಿ ದೂರದ ಮರದ ಕೆಳಗೆ ಶಾಲು ಹೊದ್ದು ಕುಳಿತಿದ್ದರು. ಅವರು ಕೊಪ್ಪಳದ ಕಡೆಯವರು. ಮದುವೆಯಾಗಿ ಇಲ್ಲಿಗೆ ಬಂದು ಐವತ್ತು ವರ್ಷಗಳ ಮೇಲಾಗಿತ್ತು. ಸಂಘದ ಯಾವ ಪ್ರವಾಸದಲ್ಲಿಯೂ ಅವರು ನೀರಿಗಿಳಿದವರಲ್ಲ. ಹೊಗೇನಕಲ್ಲಿಗೆ ಹೋದಾಗಲೂ ಬಂಡೆಯ ಮೇಲೆಯೇ ಕುಳಿತು ಬುತ್ತಿ ಕಾಯ್ದರು. ಮಂಡಿನೋವು ಎಂದು ನಾವು ತಿಳಿದಿದ್ದೆವು. ಅಂದು ಮೊಮ್ಮಗಳು ಹೋಗಿ ಬಳಿ ಕುಳಿತು ಬಹಳ ಹೊತ್ತು ಮಾತನಾಡಿದಳು. ಏನು ಹೇಳಿದಳೋ ಗೊತ್ತಿಲ್ಲ, ಅಜ್ಜಿ ಎದ್ದು ಬಂದರು. ಬಂದವರು ಅಂಬಿಗನನ್ನು ತಮ್ಮ ಹರಕು ತಮಿಳಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಜನರನ್ನು ಕೂರಿಸುತ್ತೀಯಪ್ಪಾ? ಆತ ನಾಲ್ಕು ಬೆರಳು ತೋರಿಸಿದ. ಅಜ್ಜಿ ಮೊಮ್ಮಗಳನ್ನು, ಖಜಾಂಚಿಗಳನ್ನು, ನಮ್ಮನ್ನು ಬೆರಳೆಣಿಸಿ, ತಮ್ಮನ್ನೂ ಸೇರಿಸಿಕೊಂಡು, ಆಮೇಲೆ ಕಾಲಿಟ್ಟರು.

ಹರಿಗೋಲಿನ ಗುಣವನ್ನು ಕಾಣದವರಿಗೆ ಎರಡು ಮಾತು ಹೇಳಬೇಕು. ಅದಕ್ಕೆ ಮುಂದಿಲ್ಲ, ಹಿಂದಿಲ್ಲ. ತಳ ಚಪ್ಪಟೆ, ನೀರಿನೊಳಗೆ ಗೇಣುದ್ದವೂ ಇಳಿಯುವುದಿಲ್ಲ. ಒಂದೇ ಮಗ್ಗುಲಿನಲ್ಲಿ ಹುಟ್ಟು ಹಾಕಿದರೆ ಬೀಸುಕಲ್ಲಿನಂತೆ ಸುತ್ತತೊಡಗುತ್ತದೆ. ಆದುದರಿಂದ ಅಂಬಿಗ ಎದುರಿಗೇ ನೀರನ್ನು ಎಡಕ್ಕೂ ಬಲಕ್ಕೂ ಎಳೆದುಕೊಳ್ಳುತ್ತ ಸಾಗುತ್ತಾನೆ. ಎಲ್ಲರೂ ತಳಕ್ಕೆ ಅಂಟಿ ಸುತ್ತಲೂ ಸಮನಾಗಿ ಕುಳಿತರೆ ಅದರಷ್ಟು ಭದ್ರವಾದ ದೋಣಿ ಇನ್ನೊಂದಿಲ್ಲ. ಭಾರ ಒಂದು ಅಂಚಿಗೆ ಸರಿದರೆ ಅದರಷ್ಟು ಬೇಗ ಬಾಯಿ ತೆರೆದು ನೀರು ಕುಡಿಯುವುದೂ ಇನ್ನೊಂದಿಲ್ಲ. ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಗಿದುಕೊಳ್ಳಬೇಕು, ಏಳಬಾರದು ಎಂದು ಅಂಬಿಗ ಹೊರಡುವ ಮುನ್ನ ಎರಡು ಬಾರಿ ಹೇಳಿದ್ದ. ನಮ್ಮ ದಪ್ಪ ಸ್ವೆಟರಿನ ಮೇಲೆ ಜಾಕೆಟ್ಟು ಬಿಗಿಯಾಗಿ ಕೂರಲಿಲ್ಲ. ಉಸಿರುಕಟ್ಟಿದಂತಾಗುತ್ತದೆ ಎಂದು ಹರಿಗೋಲು ದಡ ಬಿಟ್ಟ ಮೇಲೆ ಮೆಲ್ಲಗೆ ಎರಡು ಪಟ್ಟಿಗಳನ್ನು ಸಡಿಲಿಸಿಕೊಂಡೆವು. ಮೊಬೈಲು ಬೇರೆ ಸ್ವೆಟರಿನ ಒಳಜೇಬಿನಲ್ಲಿತ್ತು.

ಅರ್ಧ ಗಂಟೆ ಸ್ವರ್ಗ. ಮಂಜು ಚೂರುಚೂರಾಗಿ ಎದ್ದು ಬೆಟ್ಟದ ಬಿದಿರುಮೆಳೆಗಳ ಮೇಲೆ ಹೋಗಿ ನಿಂತಿತು. ಹುಟ್ಟಿನಿಂದ ತೊಟ್ಟಿಕ್ಕುವ ಹನಿಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕೆನಡಾ ದೇಶದ ನೆರವಿನಿಂದ 1950ರ ದಶಕದಲ್ಲಿ ಆರಂಭವಾದ ಕುಂದಾ ಜಲವಿದ್ಯುತ್ ಯೋಜನೆಯ ಜಲಾಶಯಗಳಲ್ಲಿ ಪಿಲ್ಲೂರು ಒಂದು ಎಂದು ಖಜಾಂಚಿಗಳು ಮೊಮ್ಮಗಳಿಗೆ ತಿಳಿಸುತ್ತಿದ್ದರು. ನಿಮ್ಮ ನೆರೆಯ ದೇಶದವರು ಕಟ್ಟಿಸಿದ್ದಮ್ಮಾ, ಅದಕ್ಕೇ ಇಷ್ಟು ಚಳಿ ಎಂದು ನಗಿಸಿದರು. ಅಜ್ಜಿ ಮಾತ್ರ ಅಂಚಿನ ಬಿದಿರನ್ನು ಎರಡು ಕೈಯಿಂದಲೂ ಹಿಡಿದು ನೀರನ್ನು ನೋಡದೆ ಅಂಬಿಗನ ಬೆನ್ನನ್ನೇ ನೋಡುತ್ತಿದ್ದರು.

ಆಗ ಎದುರು ದಂಡೆಯಲ್ಲಿ ಆನೆಗಳು ಕಂಡವು. ಮೂರು ದೊಡ್ಡವು, ನಡುವೆ ಒಂದು ಮರಿ. ಮರಿ ನೀರಿಗೆ ಸೊಂಡಿಲು ಹಾಕಲು ಹೋಗಿ ಕೆಸರಿನಲ್ಲಿ ಜಾರಿತು. ಎದ್ದು ನಿಂತವರು ಯಾರೆಂದು ಸಂಘದಲ್ಲಿ ಈಗಲೂ ಹೊಸಬರು ಕೇಳುವುದುಂಟು. ಬೇರೆ ಯಾರೂ ಅಲ್ಲ, ಈ ಲೇಖನ ಬರೆಯುತ್ತಿರುವ ನಾವೇ. ಮೊಬೈಲನ್ನು ಒಳಜೇಬಿನಿಂದ ಎಳೆದು, ಚಿತ್ರ ಸರಿಯಾಗಿ ಬರಲೆಂದು ಎದ್ದು, ಒಂದು ಹೆಜ್ಜೆ ಅಂಚಿನ ಕಡೆಗೆ ಇಟ್ಟೆವು. ಅರವತ್ತು ದಾಟಿದವರು, ಸಂಘದ ವೇದಿಕೆಯಿಂದ ಕಿರಿಯರಿಗೆ ಬುದ್ಧಿ ಹೇಳುವವರು.

ಅಂಚು ಕುಸಿಯಿತು. ತಣ್ಣನೆಯ ನೀರು ಮಡಿಲಿಗೆ ಸುರಿದಂತೆ ಒಳಗೆ ನುಗ್ಗಿತು. ಅಂಬಿಗ ‘ಉಕ್ಕಾರುಂಗ!’ ಎಂದು ಕೂಗಿ ತನ್ನ ಮೈಭಾರವನ್ನು ಎದುರು ಮಗ್ಗುಲಿಗೆ ಎಸೆದ. ಅದೇ ಕ್ಷಣದಲ್ಲಿ ನಮ್ಮ ಸೊಂಟದ ಬೆಲ್ಟಿಗೆ ಒಂದು ಕೈ ಬಿತ್ತು. ‘ಕುಂಡ್ರು! ಏಳಬ್ಯಾಡ, ಕುಂಡ್ರು!’ ಎಂದು ಅಜ್ಜಿ ಕಿರುಚಿ ನಮ್ಮನ್ನು ಕೆಳಕ್ಕೆ ಎಳೆದರು. ಎಪ್ಪತ್ತೇಳು ವರ್ಷದ ಆ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ. ನಾವು ತಳಕ್ಕೆ ಕುಸಿದೆವು. ಹರಿಗೋಲು ಎರಡು ಸಲ ಓಲಾಡಿ ನಿಂತಿತು. ಮೊಬೈಲು ಪಿಲ್ಲೂರಿನ ಪಾಲಾಯಿತು. ಆನೆಗಳು ತಮ್ಮ ಪಾಡಿಗೆ ನೀರು ಕುಡಿಯುತ್ತಿದ್ದವು.

ಯಾರೂ ನೀರಿಗೆ ಬೀಳಲಿಲ್ಲ. ಹೇಳುವುದಾದರೆ ಏನೂ ಆಗಲಿಲ್ಲ. ಆದರೆ ಮೊಣಕಾಲಿನವರೆಗೆ ನೆನೆದು, ಕಣಿವೆಯ ಗಾಳಿಗೆ ಮೈಯೊಡ್ಡಿ ದಡದವರೆಗೆ ಕುಳಿತ ಆ ಇಪ್ಪತ್ತು ನಿಮಿಷ ನಮ್ಮ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಬೆಚ್ಚಗಿದೆ ಎಂದು ಮೊಮ್ಮಗಳು ನಕ್ಕಿದ್ದ ನೀರು ಅದೇ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಬೆಚ್ಚಗಿನ ನಾಡಿನಲ್ಲಿಯೂ ಮೈಯ ಬಿಸಿ ಸೋರಿಹೋಗುತ್ತದೆ ಎಂದು ಅವಳೇ ತನ್ನ ಒಣ ಜಾಕೆಟ್ಟನ್ನು ನಮ್ಮ ಕಾಲಿಗೆ ಸುತ್ತಿದಳು. ಆಮೇಲೆ ಕೈಚಾಚಿ, ನಾವು ಸಡಿಲಿಸಿದ್ದ ಎರಡು ಪಟ್ಟಿಗಳನ್ನು ಒಂದು ಮಾತೂ ಆಡದೆ ಬಿಗಿದಳು. ಅದರಷ್ಟು ನಾಚಿಕೆಯನ್ನು ನಾವು ಈಚೆಗೆ ಪಟ್ಟಿದ್ದಿಲ್ಲ. ಅಂಬಿಗನಿಗೆ ದಡದಲ್ಲಿ ಕ್ಷಮೆ ಕೇಳಿದಾಗ ಆತ ತಲೆ ಕೆರೆದುಕೊಂಡು, ಆನೆ ಕಂಡರೆ ಎಲ್ಲರೂ ಏಳುತ್ತಾರೆ ಎಂದ. ಅದು ಅವನ ದೊಡ್ಡತನ.

ಊಟಕ್ಕೆ ರಾಗಿ ಕಳಿ ಬಡಿಸಿದರು. ನಮ್ಮ ಮುದ್ದೆಯೇ. ಮೈಸೂರಿನವರು ಅದನ್ನು ಕಂಡು ತವರಿಗೆ ಹೋದಷ್ಟು ಹಿಗ್ಗಿದರು. ಅಡುಗೆಯ ವಿಷಯವನ್ನು ಇನ್ನಷ್ಟು ಬರೆಯಬಹುದಿತ್ತು, ಆದರೆ ಅಂದು ನಮ್ಮ ನಾಲಿಗೆಗೆ ರುಚಿಯೇ ಹತ್ತಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅಜ್ಜಿ ನಮ್ಮ ಪಕ್ಕಕ್ಕೆ ಬಂದು ಕುಳಿತರು. ‘ನಿಮಗ ಏಕವಚನದಾಗ ಅಂದೆ, ಮನಸ್ಸಿನ್ಯಾಗ ಇಟ್ಕೋಬ್ಯಾಡ್ರಿ’ ಎಂದರು. ನಮಗೆ ಮಾತು ಹೊರಡಲಿಲ್ಲ. ಆಮೇಲೆ ಅವರೇ, ಕಿಟಕಿಯ ಕಡೆ ನೋಡುತ್ತ, ಹೇಳಿದರು. ಅವರಿಗೆ ಆಗ ಒಂಬತ್ತು ವರ್ಷ, ತಮ್ಮನಿಗೆ ಆರು. ತುಂಗಭದ್ರೆಯ ಆಚೆ ದಡದಲ್ಲಿ ಜಾತ್ರೆ. ಹರಿಗೋಲಿನಲ್ಲಿ ಜನ ಕಿಕ್ಕಿರಿದಿದ್ದರು. ಹೊಳೆಯ ನಡುವೆ ಏನೂ ಆಗಲಿಲ್ಲ. ದಡ ಇನ್ನು ನಾಲ್ಕು ಮಾರು ಇದೆ ಎನ್ನುವಾಗ ತೇರು ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ಎದ್ದು ನಿಂತರು. ಉಳಿದವರೆಲ್ಲ ಬದುಕಿದರು, ಅಷ್ಟು ಸಮೀಪ ದಡ. ತಮ್ಮನ ಕೈಯನ್ನು ತಾವು ಹಿಡಿದಿದ್ದೆವು, ಬಿಟ್ಟದ್ದು ಯಾವಾಗ ಎಂದು ಇಂದಿಗೂ ನೆನಪಾಗುವುದಿಲ್ಲ ಎಂದರು. ಈ ಸಂಗತಿ ಮೊಮ್ಮಗಳಿಗೂ ತಿಳಿದಿರಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತು ಕೇಳುತ್ತಿದ್ದ ಅವಳು ಎದ್ದು ಬಂದು ಅಜ್ಜಿಯ ಕಾಲ ಬಳಿ, ಬಸ್ಸಿನ ನೆಲದ ಮೇಲೆಯೇ ಕುಳಿತುಬಿಟ್ಟಳು. ಕಾರಮಡೈ ಬರುವವರೆಗೆ ಹಾಗೆಯೇ ಕುಳಿತಿದ್ದಳು.

ಮರುತಿಂಗಳ ಕಾರ್ಯಕಾರಿ ಸಮಿತಿಯಲ್ಲಿ ಇನ್ನು ಮುಂದೆ ನೀರಿನ ಪ್ರವಾಸವೇ ಬೇಡವೆಂಬ ಸಲಹೆ ಬಂದಿತು. ಸಲಹೆ ಕೊಟ್ಟವರು ನಾವೇ. ಅದನ್ನು ಬಲವಾಗಿ ವಿರೋಧಿಸಿದವರು ಅಜ್ಜಿ. ಹರಿಗೋಲಿನದು ತಪ್ಪಲ್ಲ, ಹೊಳೆಯದೂ ತಪ್ಪಲ್ಲ, ಎದ್ದವರ ತಪ್ಪು ಎಂದು ಅವರು ಹೇಳಿದ್ದು ನಡವಳಿ ಪುಸ್ತಕದಲ್ಲಿ ದಾಖಲಾಗಿದೆ. ಹೆಸರು ಬರೆಯದೆ ಬಿಟ್ಟ ಕಾರ್ಯದರ್ಶಿಗಳಿಗೆ ನಮ್ಮ ವಂದನೆಗಳು. 2020ರ ಜನವರಿಯಲ್ಲಿ ಮತ್ತೆ ಹೋದೆವು. ಅಜ್ಜಿ ಎಲ್ಲರಿಗಿಂತ ಮೊದಲು ಹರಿಗೋಲಿನಲ್ಲಿ ಕುಳಿತು, ಹತ್ತಿದವರ ಜಾಕೆಟ್ಟಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ಅಂದು ಆನೆಗಳು ಬರಲಿಲ್ಲ. ಆ ಬಳಿಕ ಕೋವಿಡ್ ಬಂದು ಪ್ರವಾಸಗಳೆಲ್ಲ ನಿಂತುಹೋದವು. ಡುಲೂತ್‌ನಿಂದ ಮೊಮ್ಮಗಳು ಚಳಿಗಾಲಕ್ಕೊಮ್ಮೆ ತನ್ನ ಕಯಾಕಿನ ಚಿತ್ರ ಕಳುಹಿಸುತ್ತಾಳೆ. ಮೈತುಂಬ ರಬ್ಬರಿನ ಉಡುಪು, ಮೇಲೆ ಬಿಗಿದ ಜಾಕೆಟ್ಟು, ಸುತ್ತಲೂ ಉಕ್ಕಿನ ಬಣ್ಣದ ನೀರು. ಅಜ್ಜಿ ಅದನ್ನು ಕನ್ನಡಕ ಏರಿಸಿ ನೋಡಿ, ಕುಳಿತಿದ್ದಾಳಲ್ಲ, ಸರಿ ಎನ್ನುತ್ತಾರೆ.

ಅರಣ್ಯ ಇಲಾಖೆಯ ಅನುಮತಿ ದೊರೆತರೆ ಬರುವ ಧನುರ್ಮಾಸದಲ್ಲಿ ಮತ್ತೆ ಪರಳಿಕಾಡಿಗೆ ಹೋಗುವ ವಿಚಾರವಿದೆ. ಹೆಸರು ಕೊಡುವವರು ಖಜಾಂಚಿಗಳನ್ನು ಕಾಣಬೇಕು. ಸ್ವೆಟರು ತೆಳ್ಳಗಿರಲಿ, ಶಾಲನ್ನು ಜಾಕೆಟ್ಟಿನ ಮೇಲೆ ಹೊದೆಯಬೇಡಿ, ಬದಲಿ ಬಟ್ಟೆ ಒಂದು ಜೊತೆ ಬಸ್ಸಿನಲ್ಲಿಯೇ ಇರಲಿ. ಮೊಬೈಲುಗಳನ್ನು ದಡದಲ್ಲಿ ಕಾಯುವ ಕೆಲಸವನ್ನು ಈ ಬಾರಿ ನಾವು ವಹಿಸಿಕೊಂಡಿದ್ದೇವೆ.